ಐನೂರ ಎಂಬತ್ತು ವೋಲ್ಟಿನ ಹಮೀದಾಕ

ಹಮೀದಾಕ ಕರೆಂಟು ಉಂಟೋ ಇಲ್ಲವೋ ಎಂದು ನೋಡುತ್ತಿದ್ದದ್ದು ಬೆರಳಿನ ಬೆನ್ನಿನಿಂದ. ಮಗುವಿಗೆ ಜ್ವರವಿದೆಯೇ ಎಂದು ನಾವು ಹಣೆ ಮುಟ್ಟುತ್ತೇವಲ್ಲ, ಅಷ್ಟೇ ಮೆತ್ತಗೆ ಬಲಗೈಯ ನಡುಬೆರಳನ್ನು ಮಡಚಿ, ಬಿಚ್ಚಿಟ್ಟ ಟಿವಿಯ ಹೊಟ್ಟೆಯೊಳಗೆ ಇಳಿಸುತ್ತಿದ್ದರು. ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಖಾಲಿ" ಎನ್ನುತ್ತಿದ್ದರು, ಇಲ್ಲವೇ "ಎಚ್ಚರ ಉಂಟು ಇದಕ್ಕೆ" ಎಂದು ಕೈ ಹಿಂದೆ ತೆಗೆಯುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಕೈ ಮುಷ್ಟಿ ಕಟ್ಟಿ ತಂತಿಯನ್ನೇ ಹಿಡಿದುಕೊಳ್ಳುತ್ತದಂತೆ. ಬೆನ್ನಿನಿಂದ ಮುಟ್ಟಿದರೆ ತಾನಾಗಿ ಕಳಚಿ ಬರುತ್ತದಂತೆ. ಸಣ್ಣ ಇರುವೆ ಕಚ್ಚಿದಷ್ಟು ಚುರುಕು ಸಾಕು, ಅವರ ಕೈ ಹಿಂದೆ ಬರುತ್ತಿತ್ತು. ನಲವತ್ತು ವರ್ಷ ಹೀಗೇ ನಡೆದಿತ್ತು.

ಕಾಪು ಪೇಟೆಯಲ್ಲಿ ನನ್ನದು ಹೊಲಿಗೆಯ ಅಂಗಡಿ, ಪಕ್ಕದಲ್ಲಿ ಅವರದು ರಿಪೇರಿಯದ್ದು. ನಡುವೆ ಗೋಡೆ ಇಲ್ಲ, ಪ್ಲೈವುಡ್ಡಿನ ಒಂದು ಹಲಗೆ. ಅವರ ಸೋಲ್ಡರಿನ ಹೊಗೆ ನನ್ನ ಬಟ್ಟೆಗೆ, ನನ್ನ ನೂಲಿನ ಧೂಳು ಅವರ ಮೇಜಿಗೆ. ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದು ಬಂದ ಬ್ಯಾರಿಗಳು ಅವರು; ಊರಿಗೆಲ್ಲ ಹಮೀದಾಕ, ಎಂದರೆ ಹಮೀದಣ್ಣ. ನನ್ನನ್ನು ಮಾತ್ರ, ನಾನು ಅವರಿಗಿಂತ ಹದಿನೈದು ವರ್ಷ ಸಣ್ಣವಳಾದರೂ, "ಶಶಿಯಕ್ಕ" ಎಂದೇ ಕರೆಯುತ್ತಿದ್ದರು.

ಅವರ ಕಪಾಟಿನ ಮೇಲಿನ ಅರೆಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ ಇತ್ತು. ಅದರಲ್ಲೊಂದು ಹೆಡ್‌ಫೋನ್. ಗಲ್ಫಿನಲ್ಲಿ ಒಬ್ಬ ಶ್ರೀಮಂತರ ಮನೆಯ ಸೆಟ್ಟುಗಳನ್ನು ಇವರೇ ನೋಡಿಕೊಳ್ಳುತ್ತಿದ್ದರಂತೆ. ಒಂದು ದಿನ ಆ ಶ್ರೀಮಂತರು ಇವರನ್ನು ಕೂರಿಸಿ ಹತ್ತು ನಿಮಿಷ ಅದನ್ನು ಕಿವಿಗೆ ಹಾಕಿದರಂತೆ. ಇವರು ಊರಿಗೆ ಹೊರಟಾಗ ಹೆಡ್‌ಫೋನ್ ಕೊಟ್ಟರು, ಅದನ್ನು ಹಾಡಿಸುವ ಯಂತ್ರ ಕೊಡಲಿಲ್ಲ. ಆ ಯಂತ್ರ ಇಲ್ಲದಿದ್ದರೆ ಅದು ತಲೆಗೆ ಹಾಕುವ ಪ್ಲಾಸ್ಟಿಕ್ಕಿನ ಬಳೆ, ಅಷ್ಟೆ.

"ಇದರಲ್ಲಿ ಸ್ಪೀಕರ್ ಇಲ್ಲ ಶಶಿಯಕ್ಕ," ಎಂದು ಒಮ್ಮೆ ತೋರಿಸಿದರು. "ಹಾಲಿನ ಕೆನೆಗಿಂತ ತೆಳು ಒಂದು ಹಾಳೆ ಉಂಟು. ಎರಡು ತೂತಿನ ತಗಡಿನ ನಡುವೆ ನಿಂತಿರ್ತದೆ. ಅದಕ್ಕೆ ಐನೂರ ಎಂಬತ್ತು ವೋಲ್ಟ್ ಕೊಡ್ಬೇಕು. ಆಗ ಅದು ಗಾಳಿಯನ್ನೇ ಹಾಡಿಸ್ತದೆ."

"ಐನೂರ ಎಂಬತ್ತಾ? ಕಿವಿಯ ಹತ್ರ?"

"ಕಿವಿಯ ಹತ್ರ ಇರುವುದು ಪಾಪದ್ದು, ಎಂತ ಮಾಡುವುದಿಲ್ಲ. ಮೇಜಿನ ಮೇಲೆ ಇರುವ ಪೆಟ್ಟಿಗೆಗೆ ಹೆದರ್ಬೇಕು. ಅದು ಸ್ವಿಚ್ ತೆಗೆದ ಮೇಲೂ ಕರೆಂಟು ಹೊಟ್ಟೆಯಲ್ಲಿ ಇಟ್ಕೊಂಡು ಕೂತಿರ್ತದೆ."

ಆ ಪೆಟ್ಟಿಗೆಯನ್ನು ತಾನೇ ಕಟ್ಟುತ್ತೇನೆ ಎಂದು ಎರಡು ವರ್ಷದ ಹಿಂದೆ ಹೊರಟರು. "ಕಣ್ಣು ಅರ್ಧ ಹೋಯಿತು, ಕಾಲು ಅರ್ಧ ಹೋಯಿತು. ಕಿವಿ ಇರುವಾಗ ಇನ್ನೊಮ್ಮೆ ಕೇಳ್ಬೇಕು" ಎಂದರು. ಸಕ್ಕರೆ ಕಾಯಿಲೆಯವರು ತಮ್ಮ ದೇಹವನ್ನು ಹೀಗೆ ಪಾಲು ಪಟ್ಟಿ ಮಾಡಿ ಹೇಳುವುದು ಊರಲ್ಲಿ ಹೊಸತಲ್ಲ, ನಾನು ನಕ್ಕುಬಿಟ್ಟೆ.

ಸಾಮಾನು ತರುವ ಕೆಲಸ ಮೆಲ್ಲಗೆ ನನ್ನ ತಲೆಗೆ ಬಂತು. ಅತ್ತೆಯ ಕಣ್ಣಿನ ತಪಾಸಣೆಗೆ ತಿಂಗಳಿಗೊಮ್ಮೆ ಮಣಿಪಾಲ, ಲೈನಿಂಗ್ ಬಟ್ಟೆಗೆ ಉಡುಪಿ, ತವರಿಗೆಂದು ಬೆಳ್ಮಣ್. ಹಮೀದಾಕ ಮಾತ್ರೆಯ ರಟ್ಟಿನ ಪೆಟ್ಟಿಗೆ ಹರಿದು ಅದರ ಒಳಬದಿಗೆ ಪಟ್ಟಿ ಬರೆದು ಕೊಡುತ್ತಿದ್ದರು. ನಾನು ಅದನ್ನು ಅಳತೆಯ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆ. ಮಣಿಪಾಲದ ಒಂದು ಅಂಗಡಿಯಿಂದ ತಂದ ಟ್ರಾನ್ಸಿಸ್ಟರುಗಳನ್ನು ಅವರು ಥಿನ್ನರಿನಲ್ಲಿ ಒರೆಸಿದರು. ಮೇಲಿನ ಅಕ್ಷರ ಅಳಿಸಿ ಅಡಿಯಿಂದ ಬೇರೆ ನಂಬರು ಎದ್ದು ಬಂತು. "ನೋಡಿ, ಅಂಗಿ ಮಾತ್ರ ಇದರದ್ದು, ಒಳಗಿನ ಆಸಾಮಿಯೇ ಬೇರೆ. ಇದನ್ನು ಹಾಕಿದ್ರೆ ಪೆಟ್ಟಿಗೆ ಹೊಗೆ ಬಿಡ್ತಿತ್ತು" ಎಂದು, ಕಳ್ಳನನ್ನು ಹಿಡಿದ ಪೊಲೀಸರ ಹಾಗೆ ಖುಷಿಪಟ್ಟರು.

ಉಡುಪಿಯ ಗುಜರಿ ಅಂಗಡಿಯಲ್ಲಿ ಯಾವುದೋ ಕಾಲೇಜಿನಿಂದ ಬಂದ ಹಳೇ ಯಂತ್ರವೊಂದು ಬಿದ್ದಿತ್ತು. ಅದರೊಳಗಿನ ಗಾಜಿನ ವಾಲ್ವುಗಳು ಬೇಕೆಂದು ಪಟ್ಟಿಯಲ್ಲಿತ್ತು. ನಾನು ಒಂದೊಂದನ್ನೇ ರವಿಕೆಯ ತುಂಡಿನಲ್ಲಿ ಸುತ್ತುವುದನ್ನು ನೋಡಿ ಗುಜರಿಯವನು, "ಎಂತ ಟೈಲರಕ್ಕ, ಇದಕ್ಕೂ ಅಳತೆ ತೆಗೆದ್ರಾ?" ಎಂದ. ಮಟ್ಟುಗುಳ್ಳ ಬದನೆಯಷ್ಟು ದಪ್ಪದ ಎರಡು ಕೆಪಾಸಿಟರುಗಳನ್ನು ಕೊಡುವಾಗ ಮಾತ್ರ ತಮಾಷೆ ಬಿಟ್ಟ. ಎರಡು ಕಾಲುಗಳಿಗೂ ಒಂದೇ ತಂತಿ ಸುತ್ತಿ ಕಟ್ಟಿ, "ಇದನ್ನು ದಾರಿಯಲ್ಲಿ ಬಿಚ್ಬೇಡಿ, ಕರೆಂಟು ಹಿಡಿದಿಟ್ಕೊಳ್ಳುವ ಸಾಮಾನು" ಎಂದ. ಕಾಪುವಿನವರೆಗೂ ನಾನು ಆ ಚೀಲವನ್ನು ಮಡಿಲಿನಿಂದ ದೂರ ಹಿಡಿದೇ ಬಂದೆ.

ಅಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಮೀದಾಕ ನನ್ನ ಬೆಂಚಿನಲ್ಲಿ ಕೂತು ಹೊಸ ಪಟ್ಟಿ ಹೇಳುತ್ತಿದ್ದರು. ಎದ್ದು ಹೋಗುವಾಗ ಅವರ ಹೆಬ್ಬೆರಳಿನಲ್ಲಿ ನನ್ನ ಸೂಜಿ ನಿಂತಿತ್ತು, ದಾರದ ಸಮೇತ. ಅರ್ಧ ಇಂಚು ಒಳಗೆ ಹೋಗಿತ್ತು. ನಾನು ಕಿತ್ತು ತೆಗೆದಾಗ ರಕ್ತ ಬಂತು.

"ಗೊತ್ತೇ ಆಗ್ಲಿಲ್ವಾ ನಿಮಗೆ?"

"ಸೂಜಿ ಒಳ್ಳೆದು ಶಶಿಯಕ್ಕ, ಎಲ್ಲಿ ತಗೊಂಡದ್ದು?" ಎಂದು ನಕ್ಕರು.

ಹದಿನೈದು ದಿನದ ಮೇಲೆ ಹಲಗೆಯ ಆಚೆಯಿಂದ ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಸುಟ್ಟಿತೆಂದು ನಾನು ಓಡಿದೆ, ಇಸ್ತ್ರಿ ತಣ್ಣಗಿತ್ತು. ಆಚೆ ಹೋಗಿ ನೋಡಿದರೆ ಹಮೀದಾಕ ಯಾವುದೋ ತಂತಿಯನ್ನು ಬೆಸೆಯುತ್ತಿದ್ದರು. ಸೋಲ್ಡರ್ ಕಡ್ಡಿಯ ಕಾದ ಭಾಗ ಅವರ ಎಡಗೈಯ ಬೆರಳಿಗೆ ತಾಗಿಕೊಂಡೇ ಇತ್ತು. ಅವರು ಅದನ್ನು ನೋಡಿ, "ಓ, ಅದಾ" ಎಂದು ಕೈ ಸರಿಸಿದರು.

ಆ ಸಂಜೆ ಅವರ ಹೆಂಡತಿ ಆಯಿಶಮ್ಮನ ಹತ್ತಿರ ಹೋದೆ. "ಕಾಲು ಹೇಗುಂಟೋ ಕೈಯೂ ಹಾಗೇ ಆಯಿತು," ಎಂದರು ಅವರು. "ಮೊನ್ನೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ್ರು. ಇನ್ನೊಂದು ಎಲ್ಲಿ ಕೇಳಿದ್ರೆ, ಹೌದಾ ಅಂತ ಕಾಲು ನೋಡ್ತಾರೆ. ಡಾಕ್ಟ್ರು ನರ ಸತ್ತಿದೆ ಅಂದ್ರು. ನಾನು ಹೇಳಿದ್ರೆ ಕೇಳುವ ಜನವಾ ಅದು? ನೀವಾದ್ರೂ ಹೇಳಿ."

ಹೇಳಿದೆ. ಮೀಟರಿನಲ್ಲಿ ನೋಡಿ, ಬೆರಳಿನಲ್ಲಿ ಬೇಡ ಎಂದೆ.

"ಮೀಟರ್ ಉಂಟಲ್ಲ, ಅಲ್ಲೇ ಉಂಟು," ಎಂದು ಗೋಡೆಯ ಮೊಳೆ ತೋರಿಸಿದರು. ಅದರ ಮೇಲೆ ಕ್ಯಾಲೆಂಡರು ನೇತು ಹಾಕಿದ್ದರು. "ಇದು ನಲವತ್ತು ವರ್ಷದ ಬೆರಳು ಶಶಿಯಕ್ಕ. ನಿಮ್ಮ ಕತ್ತರಿ ಬಟ್ಟೆಯನ್ನು ನೋಡಿ ಕತ್ತರಿಸ್ತದಾ?"

ಕೊನೆಯದಾಗಿ ಬೇಕಾದದ್ದು ಟ್ರಾನ್ಸ್‌ಫಾರ್ಮರ್, ಎಲ್ಲ ವೋಲ್ಟೂ ಹೊರಡುವ ಮೂಲ. ಅದು ಎಲ್ಲಿಯೂ ಸಿದ್ಧ ಸಿಗುವುದಿಲ್ಲ, ಸುತ್ತಿಸಬೇಕು. ಕಾರ್ಕಳದಲ್ಲಿ ಪಂಪ್‌ಸೆಟ್ ವೈಂಡಿಂಗ್ ಮಾಡುವ ಜೋಕಿಮರು ಎಂಬವರು ಒಪ್ಪಿಕೊಂಡಿದ್ದರು. ತವರಿಗೆ ಹೋದವಳು ಕಾರ್ಕಳಕ್ಕೂ ಹೋಗಿ ತೆಗೆದುಕೊಂಡೆ. ಜೋಕಿಮರು ವಾರ್ನಿಷು ಇನ್ನೂ ಘಮ್ಮೆನ್ನುವ ಆ ಕಬ್ಬಿಣದ ಗಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟರು. "ಹಮೀದ್ ಭಾಯಿಗೆ ಹೇಳಿ, ಪ್ರತಿ ಸುತ್ತನ್ನೂ ಎಣಿಸಿದ್ದೇನೆ. ಇದು ಒಳ್ಳೆಯದು, ಜೋರು ಮಾಡುವುದಿಲ್ಲ. ಆದ್ರೂ ಜಾಗ್ರತೆ ಅಂತ ಹೇಳಿ" ಎಂದರು.

ಬೆಳ್ಮಣ್ ದಾಟಿ ಬಸ್ಸು ಶಿರ್ವದ ಕಡೆ ಇಳಿಯುವಾಗ ಅದು ನನ್ನ ತೊಡೆಯ ಮೇಲಿತ್ತು. ಸೂಜಿ ನೆನಪಾಯಿತು, ಆ ವಾಸನೆ ನೆನಪಾಯಿತು. ಇದನ್ನು ನಾನೇ ಕೊಂಡುಹೋಗಿ ಆ ಕೈಗೆ ಕೊಡುವುದೇ? ಕೊಡಲಿಲ್ಲ. ಮನೆಗೆ ಹೋಗಿ ಕತ್ತರಿಸಿ ಉಳಿದ ಬಟ್ಟೆಯ ಗೋಣಿಯೊಳಗೆ ಅಡಗಿಸಿಟ್ಟೆ. ಮಾರನೇ ದಿನ, "ತಂತಿ ಬರ್ಲಿಲ್ಲವಂತೆ" ಎಂದೆ. ಅದರ ಮುಂದಿನ ವಾರ, "ಜೋಕಿಮರಿಗೆ ಜ್ವರವಂತೆ." ಆಮೇಲೆ ಮತ್ತೆ ತಂತಿ. ಹಮೀದಾಕ ಒಮ್ಮೆಯೂ ಗೊಣಗಲಿಲ್ಲ. ಐದನೇ ವಾರ ಅವರು ಕೇಳುವುದನ್ನೇ ನಿಲ್ಲಿಸಿದರು. ಹುಚ್ಚು ಇಳಿಯಿತು ಎಂದು ನನಗೆ ಸಮಾಧಾನವಾಯಿತು. ಅಂಥವರು ಕೇಳುವುದನ್ನು ನಿಲ್ಲಿಸುವುದು ಬೇರೆ ದಾರಿ ಸಿಕ್ಕಿದಾಗ ಮಾತ್ರ ಎಂದು ನನಗೆ ಹೊಳೆಯಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಲಗೆ ನಡುಗಿತು. ಕಿವಿಗಿಂತ ಮೊದಲು ನನ್ನ ಅಂಗಾಲಿಗೆ ತಿಳಿಯಿತು. ದಪ್ಪನೆಯ ಗುಂಯ್ ಸದ್ದು. ಮೇಜಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಸಣ್ಣಗೆ ಕುಣಿಯುತ್ತಿತ್ತು.

ಆಚೆ ಹೋದೆ. ಅವರ ಪೆಟ್ಟಿಗೆ ಮೇಜಿನ ಮೇಲಿತ್ತು. ನಾನು ತಂದ ವಾಲ್ವುಗಳು, ನಾನು ತಂದ ಕೆಪಾಸಿಟರುಗಳು, ಎಲ್ಲ ಒಂದೊಂದೇ ಗುರುತು ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಇರಬೇಕಾದ ಜಾಗದಲ್ಲಿ ತುಕ್ಕು ಹಿಡಿದ ಒಂದು ದೊಡ್ಡ ಗಟ್ಟಿ.

"ಇದು ಎಂತ ಹಮೀದಾಕ?"

"ಮೈಕ್ರೋವೇವ್ ಒಲೆಯದ್ದು. ಗುಜರಿಯಿಂದ ತಂದೆ. ಜೋಕಿಮ್ ಇನ್ನು ಸುತ್ತಿದ ಹಾಗೆಯೇ. ಇದಕ್ಕೆ ಸೊಕ್ಕು ಜಾಸ್ತಿ, ಸ್ವಲ್ಪ ಇಳಿಸಿ ಹಾಕಿದ್ದೇನೆ."

ಅಂಥ ಒಲೆ ರಿಪೇರಿಗೆ ಬಂದರೆ ಇದೇ ಹಮೀದಾಕ ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. "ಅದರಲ್ಲಿ ಎರಡನೇ ಸಲ ಅಂತ ಇಲ್ಲ" ಎಂದು ಗಿರಾಕಿಗಳನ್ನು ವಾಪಸು ಕಳಿಸುವುದನ್ನು ನಾನೇ ಎಷ್ಟು ಸಲ ಕೇಳಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಟ್ಟೆ: ಟ್ರಾನ್ಸ್‌ಫಾರ್ಮರ್ ಐದು ವಾರದಿಂದ ನನ್ನ ಮನೆಯಲ್ಲಿದೆ, ತಂತಿ ಸುಳ್ಳು, ಜ್ವರ ಸುಳ್ಳು.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಮೊದಲೇ ಹೇಳಿದ್ರೆ ನಾನು ಜಗಳ ಮಾಡ್ತಿದ್ದೆ ಶಶಿಯಕ್ಕ. ಜಗಳ ಮಾಡಿ, ನಿಮ್ಮ ಬಾಯಿಗೆ ಹೆದರಿ ಮೀಟರ್ ಹಿಡಿತಿದ್ನೋ ಏನೋ."

"ಈಗ ತರ್ತೇನೆ. ಹತ್ತು ನಿಮಿಷ. ಆ ಭೂತವನ್ನು ತೆಗೆಯಿರಿ ಅಲ್ಲಿಂದ."

"ಆಯಿತು ಮಾರಾಯ್ರೆ, ತೆಗಿತೇನೆ. ನೋಡಿ." ನನ್ನ ಎದುರೇ ಪ್ಲಗ್ಗನ್ನು ಎಳೆದು ನೆಲಕ್ಕೆ ಹಾಕಿದರು. ಗುಂಯ್ ಸದ್ದು ನಿಂತಿತು. "ಇನ್ನು ಎಂತ ಹೆದರಿಕೆ? ಹೋಗಿ ತನ್ನಿ. ನಮಾಜಿಗೆ ಹೋಗುವ ಮೊದಲು ಇದನ್ನು ಬಿಚ್ಚಿ ಇಟ್ಟಿರ್ತೇನೆ."

ಆಟೋ ಹಿಡಿದು ಹೋದೆ, ಅದೇ ಆಟೋದಲ್ಲಿ ಬಂದೆ. ಗೋಣಿಯೊಳಗಿನ ಬಟ್ಟೆಯ ಚೂರುಗಳು ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡಿದ್ದವು, ದಾರಿಯುದ್ದಕ್ಕೂ ಅವನ್ನು ಹೆಕ್ಕುತ್ತಾ ಕೂತಿದ್ದೆ. ಇಳಿದಾಗ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಹಮೀದಾಕ ಮೇಜಿನ ಮೇಲೆ ಒರಗಿದ್ದರು, ಏನನ್ನೋ ಹತ್ತಿರದಿಂದ ನೋಡುತ್ತಿರುವವರ ಹಾಗೆ. ಎಡಗೈ ಪೆಟ್ಟಿಗೆಯ ತಗಡಿನ ಅಂಚಿನಲ್ಲಿ. ಬಲಗೈ ಒಳಗೆ, ಆ ದಪ್ಪ ಕೆಪಾಸಿಟರುಗಳ ನಡುವೆ. ನಾನು ಹೆಸರು ಹಿಡಿದು ಮೂರು ಸಲ ಕರೆದೆ.

ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು. ಪೇಟೆಯವರು ಸಕ್ಕರೆಯವರಿಗೆ ಹೀಗೇ ಆಗುವುದು ಎಂದರು. ಕೆಪಾಸಿಟರು ಇರುವೆಯಂತೆ ಕಚ್ಚಿದ್ದು ಆ ಬೆರಳಿಗೆ ಗೊತ್ತಾಗಲಿಲ್ಲ, ಖಾಲಿ ಎಂದುಕೊಂಡು ಪೂರ್ತಿ ಕೈ ಇಟ್ಟಿದ್ದಾರೆ ಎಂದು ನಾನು ಯಾರಿಗೂ ಹೇಳಲಿಲ್ಲ.

ಆಯಿಶಮ್ಮ ಇದ್ದತ್ತಿನಲ್ಲಿ ಕೂತಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರಲ್ಲಿ ಹೆಂಗಸರು ಮನೆಯಿಂದ ಹೊರಬರುವುದಿಲ್ಲ. ಎರಡನೇ ತಿಂಗಳು ನಾನೇ ಹೋದೆ. ಒಳಕೋಣೆಯ ಚಾಪೆಯ ಮೇಲೆ ಎದುರು ಕೂತು ಎಲ್ಲವನ್ನೂ ಹೇಳಿದೆ: ಗೋಣಿ, ಸುಳ್ಳು, ತೆಗೆಯಿರಿ ಎಂದು ನಾನು ಅವಸರಪಡಿಸಿದ್ದು. ಅವರು ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದರು. ಬಯ್ಯಲಿ ಎಂದು ನಾನು ಕಾದೆ.

"ನೀವು ಹೇಳಿದ ಕೂಡ್ಲೇ ಪ್ಲಗ್ ತೆಗೆದ್ರಾ?" ಎಂದು ಕೇಳಿದರು.

"ತೆಗೆದ್ರು."

"ಬಿಚ್ಚಿಡ್ತೇನೆ ಅಂತಲೂ ಹೇಳಿದ್ರಾ?"

"ಹೇಳಿದ್ರು."

ಆಯಿಶಮ್ಮ ತಸ್ಬಿಯನ್ನು ಮಡಿಲಲ್ಲಿ ಇಟ್ಟರು. "ನಲವತ್ತೊಂದು ವರ್ಷದಲ್ಲಿ ನನ್ನ ಒಂದು ಮಾತನ್ನೂ ಆ ಮನುಷ್ಯ ಕೇಳಿದ್ದಿಲ್ಲ ಶಶಿಯಕ್ಕ," ಎಂದರು. "ನಿಮ್ಮದು ಕೇಳಿದ್ರು, ನೋಡಿ."