ನೀಲಿ ಕೋಡು, ಗುಲಾಬಿ ಕೋಡು

ಗದಗಿನಲ್ಲಿ ನಾನು ಕಲಿಸುವ ಶಾಲೆಯಲ್ಲಿ ಹೋದ ವರ್ಷ ಸೂಟಿ ಮುಗಿದ ಕೂಡಲೇ ಮಾಸ್ತರರಿಗೆಲ್ಲ ಒಂದು ತರಬೇತಿ ಇಟ್ಟಿದ್ದರು. ವಿಷಯ ‘ಟೀಮ್’. ಹೊರಗಿನಿಂದ ಬಂದವರು ನೆಲಕ್ಕೆ ಒಂದು ಪೇಪರ್ ಹಾಸಿ, ಎಲ್ಲರೂ ಅದರ ಮೇಲೆ ನಿಲ್ಲಿ ಅಂದರು. ನಿಂತೆವು. ಅರ್ಧ ಮಡಚಿ, ಈಗ ನಿಲ್ಲಿ ಅಂದರು. ಮಡಚುತ್ತ ಮಡಚುತ್ತ ಗಣಿತದ ಮಾಸ್ತರರು ಡ್ರಾಯಿಂಗ್ ಮಾಸ್ತರರ ಹೆಗಲೇರಿದರು, ನಾನು ಒಂಟಿಕಾಲಿನ ಕೊಕ್ಕರೆಯಾದೆ. ಅವರು ಚಪ್ಪಾಳೆ ತಟ್ಟಿ, ಟೀಮ್ ಅಂದರೆ ಇದೇ ಅಂದರು. ಅಷ್ಟು ನೆಲ ಖಾಲಿ ಬಿದ್ದಿರುವಾಗ ಪೇಪರಿನ ಮೇಲೇ ಯಾಕೆ ನಿಲ್ಲಬೇಕು ಎಂದು ಯಾರೂ ಕೇಳಲಿಲ್ಲ.

ನನಗೆ ಮಾತು ಕಲಿಸಿದವರು ಮನೆಯ ಹಿರಿಯರು. ಹೆಣ್ಣು ತರುವ ಮೊದಲು ಮನೆತನ ಕೇಳುವ ಹಾಗೆ ಶಬ್ದದ್ದೂ ಮನೆತನ ಕೇಳಬೇಕು ಅನ್ನುತ್ತಿದ್ದರು. ಶಾಲೆಯ ದಪ್ಪ ನಿಘಂಟು ತೆಗೆದೆ. ಟೀಮ್ ಅಂದರೆ ಹಿಂದೆ ಸಂತಾನ, ಪೀಳಿಗೆ ಎಂಬ ಅರ್ಥವಿತ್ತಂತೆ. ಒಂದೇ ನೊಗಕ್ಕೆ ಕಟ್ಟಿದ ದನಗಳಿಗೂ ಅದೇ ಹೆಸರು. ಮನುಷ್ಯರ ಮೇಲೆ ಅದು ಬಂದದ್ದು ಎಷ್ಟೋ ಕಾಲದ ನಂತರ. ಬೇರಿನ ಅರ್ಥ ಎಳೆಯುವುದು. ಈ ಖಬರನ್ನು ಬೆಳ್ಳಟ್ಟಿಯ ನನ್ನ ಸೋದರಮಾವನಿಗೆ ಮುಟ್ಟಿಸಲೇಬೇಕು ಅನ್ನಿಸಿತು.

ಯಾಕೆಂದರೆ ಮಾವನದು ಒಂದೇ ಎತ್ತು. ಎದುರುಮನೆಯ ಚಾಚಾನದೂ ಒಂದೇ ಎತ್ತು. ಎರಡನ್ನೂ ಒಂದು ನೊಗಕ್ಕೆ ಕಟ್ಟಿ, ಇವತ್ತು ಇವನ ಹೊಲ, ನಾಳೆ ಅವನ ಹೊಲ ಎಂದು ಮುಯ್ಯಿಯ ಮೇಲೆ ಇಬ್ಬರೂ ಬೇಸಾಯ ಮಾಡುತ್ತ ಬಂದವರು. ಆದರೆ ನಾನು ಬೆಳ್ಳಟ್ಟಿಗೆ ಹೋದ ಭಾನುವಾರ ಇಬ್ಬರ ನಡುವೆ ಮಾತಿರಲಿಲ್ಲ. ಕಾರಹುಣ್ಣಿಮೆಗೆ ಮಾವ ತನ್ನ ಎತ್ತಿನ ಕೋಡಿಗೆ ನೀಲಿ ಬಳಿದಿದ್ದ, ಚಾಚಾ ಗುಲಾಬಿ ಬಳಿದಿದ್ದ. ಬಣ್ಣ ಯಾವುದೆಂದು ತಾನು ಮೊದಲೇ ಹೇಳಿದ್ದೆ ಎಂದು ಇಬ್ಬರದೂ ವಾದ. ಮೆರವಣಿಗೆಯಲ್ಲಿ ಯಾರೋ, ಒಂದು ಎತ್ತು ಹೆಣ್ಣಿನವರ ಕಡೆಯದು, ಇನ್ನೊಂದು ಗಂಡಿನವರ ಕಡೆಯದು ಅಂದರಂತೆ. ಊರು ನಕ್ಕಿತು, ಮಾತು ನಿಂತಿತು.

ಅಷ್ಟರಲ್ಲಿ ಮಳೆಯಾಗಿತ್ತು. ನೆಲದಲ್ಲಿ ಹೆಸರುಕಾಳು ಬಿತ್ತುವ ಹದ. ಬಿಸಿಲು ಬಿದ್ದರೆ ಆ ಹದ ಸಂಜೆಗೆ ಹಾರಿಹೋಗುತ್ತದೆ, ಆಮೇಲೆ ಬಿತ್ತಿದ ಬೀಜ ಇರುವೆಗಳ ಪಾಲು. ಟ್ರ್ಯಾಕ್ಟರುಗಳೆಲ್ಲ ದೊಡ್ಡ ಹೊಲಗಳಲ್ಲಿದ್ದವು. ಮಾವ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ತನ್ನ ಎತ್ತಿಗೆ ಹೇಳಿದ:

“ಏನಪಾ, ಹದ ಆರಾಕ ಹತ್ತೇತಿ. ನಿನ್ನ ಜೋಡಿ ಎತ್ತಿಗೆ ಖಬರ ಐತೋ ಇಲ್ಲೋ ಕೇಳು.”

ಎದುರಿನಿಂದ ಚಾಚಾ ತನ್ನ ಎತ್ತಿನ ಬೆನ್ನು ಸವರಿದ. “ನಮ್ಮನ್ಯಾರೂ ಕರದಿಲ್ಲಂತ ಹೇಳಪಾ. ಗುಲಾಬಿ ಕೋಡು ನೋಡಿದ್ರ ಕೆಲವ್ರಿಗೆ ಕಣ್ಣ ಬ್ಯಾನಿ ಬರತೈತಂತ.”

ಎತ್ತುಗಳು ಮೆಲುಕು ಹಾಕುತ್ತಿದ್ದವು. ಅತ್ತೆಗೆ ತಡೆಯಲಾಗಲಿಲ್ಲ. ಓಣಿ ದಾಟಿ ಹೋಗಿ, ಯಾರನ್ನೂ ಕೇಳದೆ ಚಾಚಾನ ಎತ್ತಿನ ಹಗ್ಗ ಬಿಚ್ಚಿದಳು. ಅದು ತಾನಾಗಿ ಬಂದು ನೊಗದ ಬಳಿ ನಿಂತಿತು. ಹಿಂದೆಯೇ ಚಾಚಾನೂ ಬಂದ. ತಾನು ದುಡಿಯಲು ಬಂದಿಲ್ಲ, ತನ್ನ ಎತ್ತನ್ನು ಕಾಯಲು ಬಂದಿದ್ದೇನೆ ಎಂದು ನನಗೆ ಹೇಳಿದ, ಮಾವನಿಗೆ ಕೇಳಲೆಂದು.

ಹೊಲದಲ್ಲಿ ಬಿತ್ತಿಗೆ ಶುರುವಾಯಿತು. ಚಾಚಾ ತನ್ನ ಎತ್ತಿನ ಹಗ್ಗ ಮಾವನಿಗೆ ಕೊಡಲೊಲ್ಲ. ಮಾವ ತನ್ನದನ್ನು ಬಿಡಲೊಲ್ಲ. ಆ ಕಡೆ ಒಬ್ಬ, ಈ ಕಡೆ ಒಬ್ಬ, ನಡುವೆ ಕೂರಿಗೆ ಹಿಡಿದು ನಾನು, ಹಿಂದೆ ಬೀಜ ಬಿಡುತ್ತ ಅತ್ತೆ. ಎಡಕ್ಕೆ ಹೋಯಿತೆಂದು ಮಾವ ಬಲಕ್ಕೆ ಜಗ್ಗುತ್ತಿದ್ದ, ಬಲಕ್ಕೆ ಹೋಯಿತೆಂದು ಚಾಚಾ ಎಡಕ್ಕೆ ಜಗ್ಗುತ್ತಿದ್ದ. ಬೈಗುಳವೆಲ್ಲ ಎತ್ತುಗಳ ಹೆಸರಿನಲ್ಲಿ. ಇದೇ ಸಮಯವೆಂದು ನಾನು ನಿಘಂಟಿನ ಸುದ್ದಿ ತೆಗೆದೆ.

ಮಾವ ನಿಲ್ಲದೆ ಕೇಳಿಸಿಕೊಂಡ. “ಹಂಗಾರ ಟೀಮ್ ಅಂದ್ರ ಎತ್ತು. ನಾವಲ್ಲಲ್ಲ?”

“ಮೊದಲು ಎತ್ತೇ.”

“ಎಳಿಯೂದು ಅಂತ ಐತಿ ಅಂದಿ. ಯಾವ ಕಡೆ ಅಂತ ಬರದಾರೇನಳಿಯಾ?”

ಬರೆದಿರಲಿಲ್ಲ.

ಹೊತ್ತು ಮುಳುಗುವುದರೊಳಗೆ ಬಿತ್ತಿಗೆ ಮುಗಿಯಿತು. ಮರುದಿನ ಚಾಚಾನ ಹೊಲವನ್ನೂ ಹೀಗೇ ಎತ್ತುಗಳನ್ನು ಬೈಯುತ್ತಲೇ ಬಿತ್ತಿದರೆಂದು ಅತ್ತೆ ಫೋನಿನಲ್ಲಿ ಹೇಳಿದಳು. ಮುಂದಿನ ವಾರಗಳಲ್ಲಿ ಹೆಸರು ಎದ್ದಿತು, ಅದರ ಜೊತೆ ಜಗಳವೂ ಎದ್ದಿತು. ಸಾಲುಗಳು ಒಮ್ಮೆ ಮಾವನ ಮನೆಯ ಕಡೆ, ಒಮ್ಮೆ ಚಾಚಾನ ಮನೆಯ ಕಡೆ ವಾಲುತ್ತ ಹಾವಿನ ಹಾಗೆ ಹೋಗಿದ್ದವು. ಇಬ್ಬರು ಯಾವ ಹೆಜ್ಜೆಗೆ ಯಾರ ಮೇಲೆ ಸಿಟ್ಟಾಗಿದ್ದರು ಎಂಬುದನ್ನು ದಾರಿಯಲ್ಲಿ ಹೋಗುವವರೂ ಓದಬಹುದಿತ್ತು.

ಕಳೆ ಬಂತು. ಸಾಲುಗಳ ನಡುವೆ ಕುಂಟೆ ಆಡಿಸಿ ಎಡೆ ಹೊಡೆಯಬೇಕು, ಇಲ್ಲದಿದ್ದರೆ ಕಳೆ ಬೆಳೆಯನ್ನು ನುಂಗುತ್ತದೆ. ಚಾಚಾನ ಋಣವೇ ಬೇಡವೆಂದು ಮಾವ ಶಿಗ್ಲಿಯಿಂದ ಬೀಗರ ಜೋಡೆತ್ತು ತರಿಸಿದ. ಒಳ್ಳೆಯ ಎತ್ತುಗಳು, ನೆಟ್ಟಗೆ ನಡೆದು ಕಲಿತವು. ಸಾಲು ತಿರುಗಿದಲ್ಲಿ ಅವು ತಿರುಗಲಿಲ್ಲ, ಒಂದು ಸುತ್ತಿನಲ್ಲಿ ಕಳೆ ಬಿಟ್ಟು ಹೆಸರನ್ನೇ ಕಿತ್ತು ಹಾಕಿದವು. ಮಾವ ಅಲ್ಲೇ ಕೊಳ್ಳು ಹರಿದು ಎತ್ತುಗಳನ್ನು ನೊಗದಿಂದ ಬಿಚ್ಚಿದ.

ಅವತ್ತೂ ನಾನು ಅಲ್ಲಿದ್ದೆ. ಮಾವ ಬೀಗರ ಎತ್ತುಗಳನ್ನು ಬದುವಿನ ಮೇಲೆ ಕಟ್ಟಿದ. ಆಮೇಲೆ ಊರಿಗೆ ಬಂದು, ಓಣಿ ದಾಟಿ ಚಾಚಾನ ಅಂಗಳಕ್ಕೆ ಹೋದ. ಚಾಚಾ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಆದರೆ ಎತ್ತು ಇರಲಿಲ್ಲ, ಅದನ್ನು ನೀರಿಗೆ ಬಿಟ್ಟಿದ್ದರು. ಹೇಳಬೇಕಾದದ್ದನ್ನು ಯಾರಿಗೆ ಹೇಳುವುದು? ಮಾವ ಖಾಲಿ ಗೂಟದ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡ.

“ಎಡಿ ಹೊಡೀಬೇಕಾಗಿತ್ರಿ,” ಅಂದ, ಗೂಟಕ್ಕೆ.

ಚಾಚಾ ಹಗ್ಗ ಬಿಟ್ಟು ತಲೆಯೆತ್ತಿದ. “ಗೂಟಕ್ಯಾಕ ‘ರೀ’ ಹಚ್ಚಿ ಮಾತಾಡ್ತಿ? ನಾ ಇಲ್ಲೇ ಕುಂತೇನಲ್ಲೋ.” ಚಪ್ಪಲಿ ಹುಡುಕುತ್ತ ಅಂದ, “ಆ ಸೊಟ್ಟ ಸಾಲಿನ ದಾರಿ ಗೊತ್ತಿದ್ದವ್ರು ಊರಾಗ ನಾವಿಬ್ರ. ನಡಿ.”