ಕರಿಪರದೆಯ ಪಂಡಿತ

ಕಚೇರಿಯಲ್ಲಿ ಅವನಿಗೆ ಪಂಡಿತ ಅಂತ ಅಡ್ಡಹೆಸರು. ಈ ನೌಕರಿಯಲ್ಲಿ ಅವನು ಗಳಿಸಿದ ಆಸ್ತಿ ಅದೊಂದೇ. ಬೆಳಗಾದರೆ ಸುದ್ದಿತಾಣಗಳನ್ನೆಲ್ಲ ಜಾಲಾಡಿ, ಬೆಂಕಿ, ಕಳವು, ಅಪಘಾತದ ಸುದ್ದಿ ಹೆಕ್ಕಿ ವಿಮಾ ಕಂಪನಿಗಳಿಗೆ ಕಳಿಸುವುದು ಕೆಲಸ. ಪಕ್ಕದ ಕುರ್ಚಿಯ ಅಕ್ಕನದೂ ಅದೇ. ಅಕ್ಕ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಒಂದೊಂದೇ ತಾಣ ತೆರೆದು ಓದುತ್ತಿದ್ದಳು. ಪಂಡಿತನಿಗೆ ಓದುವುದೆಂದರೆ ತಲೆನೋವು. ಹಾಗಾಗಿ ಕಂಪ್ಯೂಟರಿನ ಕರಿಪರದೆಯ ಮೇಲೆ ಒಂದಿಷ್ಟು ಕಮಾಂಡ್‌ಗಳನ್ನು ಪೋಣಿಸಿದ. ಅವು ಎಲ್ಲ ತಾಣಗಳ ಹೊಸ ಸುದ್ದಿಯ ಫೀಡ್ ಎಳೆದು ತಂದು, ಬೇಕಾದ್ದನ್ನು ಹೆಕ್ಕಿ, ಒಮ್ಮೆ ಕಂಡ ಶೀರ್ಷಿಕೆ ಮತ್ತೆ ಬಂದರೆ ಕಿತ್ತೆಸೆಯುತ್ತಿದ್ದವು. ಕಾಫಿ ಆರುವಷ್ಟರಲ್ಲಿ ಕೆಲಸ ಖಲಾಸ್.

ಸಾಹೇಬರು ಪರದೆ ನೋಡಿದರು, ಆಮೇಲೆ ಇಬ್ಬರ ಮುಖವನ್ನೂ ನೋಡಿದರು.

“ಹಾಗಾದ್ರೆ ಇಬ್ರು ಯಾಕೆ? ಈ ವಾರ ಇಬ್ರೂ ಬೇರೆಬೇರೆ ಪಟ್ಟಿ ಕೊಡಿ. ಸುದ್ದಿ ತಪ್ಪಿಸಿದವರು ಮನೆಗೆ.”

ಪಂಡಿತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಅಕ್ಕಾ, ಕಣ್ಣಿಗೆ ಔಷಧಿ ಬಿಟ್ಕೊಳ್ಳಿ. ನಂದು ರೆಪ್ಪೇನೂ ಮಿಟುಕಿಸಲ್ಲ.”

“ನಗು ತಮ್ಮಾ, ನಗು. ನನ್ನ ಮಗಳ ಓದು ಈ ಕುರ್ಚಿ ಮೇಲೇ ನಿಂತಿದೆ.”

ಅವನು ನಕ್ಕೇ ನಕ್ಕ.

ಗುರುವಾರ “ಗೋದಾಮಿಗೆ ಬೆಂಕಿ, ಭಾರಿ ನಷ್ಟ” ಅನ್ನುವ ಸುದ್ದಿ ಇಬ್ಬರ ಪಟ್ಟಿಯಲ್ಲೂ ಇತ್ತು. ಶುಕ್ರವಾರ ಅದೇ ಶೀರ್ಷಿಕೆ ಅಕ್ಕನ ಪಟ್ಟಿಯಲ್ಲಿ ಮಾತ್ರ.

“ಅದು ನಿನ್ನೆಯ ಹಳಸಲು, ಅಕ್ಕಾ,” ಪಂಡಿತ ಹಲ್ಲು ಕಿರಿದ.

“ಒಳಗೆ ಓದಿದ್ಯಾ? ನಿನ್ನೇದು ಬಣ್ಣದ ಗೋದಾಮು. ಇದು ಬಟ್ಟೇದು. ಬರೆದೋನು ಸೋಮಾರಿ, ಅದೇ ತಲೆಬರಹ ಹಾಕಿದ್ದಾನೆ.”

ಪಂಡಿತ ಸುದ್ದಿ ತೆರೆದು ನೋಡಿದ; ಬಟ್ಟೆಯದೇ. ಸಾಹೇಬರು ಕರೆದಾಗ ಮೇಜಿನ ಡ್ರಾಯರ್ ಖಾಲಿ ಮಾಡಿಯೇ ಹೋದ.

ಸಾಹೇಬರು ಮಾತಾಡಿದ್ದು ಅಕ್ಕನ ಜೊತೆ. “ನೀವು ಗೆದ್ರಿ, ಒಪ್ಪಿದೆ. ಆದ್ರೆ ಆ ಕಮಾಂಡ್‌ಗಳ ತಪ್ಪು ತಿದ್ದಬಹುದು. ನಿಮ್ಮ ಇಷ್ಟು ದೊಡ್ಡ ಸಂಬಳ ತಿದ್ದೋಕಾಗುತ್ತಾ? ಸೋಮವಾರದಿಂದ ಬರೋದು ಬೇಡ.” ಪಂಡಿತನ ಕಡೆ ತಿರುಗಿದರು. “ಏನಯ್ಯಾ, ಏನಾದ್ರೂ ಹೇಳೋದಿದ್ಯಾ?”

“ಇಲ್ಲ ಸಾರ್.” ಇಷ್ಟು ಚುರುಕಾಗಿ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ.

“ಅದು ತಪ್ಪಿಸಿದ್ದನ್ನ ನೀನು ಓದಿ ಹಿಡೀಬೇಕು. ಎಲ್ಲಾ ತಾಣ, ದಿನಾ.”

ಅಕ್ಕ ಚೀಲಕ್ಕೆ ಚಪ್ಪಲಿ, ನೀರಿನ ಬಾಟಲಿ ತುಂಬಿಕೊಂಡು ಅವನ ಮೇಜಿನ ಬಳಿ ನಿಂತಳು. “ತಮ್ಮಾ, ಆ ಕಮಾಂಡ್ ವಿದ್ಯೆ ನನಗೂ ಸ್ವಲ್ಪ ಹೇಳ್ಕೊಡ್ತೀಯಾ? ಬೇರೆ ಕಡೆ ಕೆಲಸಕ್ಕೆ ಅದನ್ನೇ ಕೇಳ್ತಾರಂತೆ.”

ಪಂಡಿತ, ಸಾಹೇಬರ ಗಾಜಿನ ಬಾಗಿಲಿನ ಕಡೆ ಕಳ್ಳನೋಟ ಬೀರಿದ. “ಪುರುಸೊತ್ತಿಲ್ಲ ಅಕ್ಕಾ.”

ಅದೇನೂ ಸುಳ್ಳಲ್ಲ. ಅವಳು ಮೆಟ್ಟಿಲಿಳಿಯುವ ಮೊದಲೇ ಅವನು ಮೊದಲ ತಾಣ ತೆರೆದು ಓದಲು ಕೂತಿದ್ದ.