ಬಾಗಿಲಿಗೆ ಬಿದ್ದ ಬೂದಿ

ಹೋದ ವರ್ಷದ ಹಿಂದಿನ ವರ್ಷ, ದೀಪಾವಳಿ ಮುಗಿಸಿಕೊಂಡು ನಾನು ಜರ್ಮನಿಗೆ ಹೋದೆ. ಊರು ನೋಡುವುದಕ್ಕೆ ಅಂತ ಹೋದವಳಲ್ಲ, ಮಗಳ ಬಾಣಂತನಕ್ಕೆ ಹೋದವಳು. ನನ್ನದು ಹೆಬ್ಬಗೋಡಿ. ಹುಟ್ಟಿದ್ದು ಅಲ್ಲೇ, ಕೊಟ್ಟಿದ್ದೂ ಅಲ್ಲೇ. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ರೂಮುಗಳಿವೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದದ್ದು ಹಿಂದೆ ಮುಂದೆ ಆಗಿದ್ದರೆ ಓದುವವರು ಸರಿ ಮಾಡಿಕೊಳ್ಳಬೇಕು.

ನನ್ನ ಅಳಿಯ ಮಂಜುನಾಥ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಮಿಷನ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವರ ದೊಡ್ಡ ಕಾರ್ಖಾನೆ ಜರ್ಮನಿಯಲ್ಲಿದೆ, ಎರಡು ವರ್ಷಕ್ಕೆ ಅಂತ ಅಲ್ಲಿಗೆ ಕಳಿಸಿದ್ದರು. ಮಗಳು ಶೋಭಾ ಜೊತೆಗೆ ಹೋಗಿದ್ದಳು. ಮದುವೆಯಾಗಿ ಹತ್ತು ವರ್ಷ ದಾಟಿತ್ತು. ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡಿದ್ದಳು. ಇದು ಮೂರನೆಯದು. ಡಾಕ್ಟರು ಇನ್ನು ಹುಷಾರಾಗಿರಬೇಕು ಅಂದಿದ್ದರಂತೆ. ಅದಕ್ಕೇ ನಾನು ಈ ವಯಸ್ಸಿನಲ್ಲಿ ವಿಮಾನ ಹತ್ತಿದ್ದು. ಇಲ್ಲದಿದ್ದರೆ ನನಗೆ ಬೊಮ್ಮನಹಳ್ಳಿಗೆ ಹೋಗಿ ಬರುವುದೇ ಸಾಕಾಗುತ್ತದೆ.

ಅವರಿದ್ದದ್ದು ಪಟ್ಟಣದಲ್ಲಲ್ಲ, ಹಳ್ಳಿಯಲ್ಲಿ. ಸುತ್ತ ಗುಡ್ಡ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮನೆ. ಶೋಭಾ ಹೆಚ್ಚು ಹೊತ್ತು ಮಲಗಿರುತ್ತಿದ್ದಳು. ಅಡಿಗೆ ಮಾಡಿಟ್ಟರೆ ನನಗೆ ಕೆಲಸ ಮುಗಿಯಿತು. ಕೂತು ಕೂತು ಸೊಂಟ ಹಿಡಿದುಕೊಂಡಿತು. ಅಳಿಯ ಒಂದು ದಪ್ಪ ಕೋಟು, ಬೂಟು ತಂದುಕೊಟ್ಟು, ಒಂದೇ ದಾರಿ ಇರುವುದು ಅತ್ತೆ, ಹೋದ ದಾರಿಯಲ್ಲೇ ವಾಪಸು ಬಂದರೆ ಮನೆ ಸಿಗುತ್ತದೆ ಅಂದರು. ಸೀರೆ ಮೇಲೆ ಕೋಟು, ಅದರ ಕೆಳಗೆ ಬೂಟು. ಶೋಭಾ ನೋಡಿ ನಕ್ಕಳು. ನಗಲಿ ಅಂತ ಸುಮ್ಮನಾದೆ. ಅವಳು ನಕ್ಕು ತುಂಬ ದಿನ ಆಗಿತ್ತು.

ಹಾಗೆ ದಿನಾ ನಡೆಯಲು ಶುರು ಮಾಡಿದೆ. ಮಾತಾಡಲು ಭಾಷೆ ಇಲ್ಲದ ಕಡೆ ಕಣ್ಣಿಗೇ ಎಲ್ಲ ಕೆಲಸ. ಅಲ್ಲಿನ ಹಸುಗಳು ನಮ್ಮವಕ್ಕಿಂತ ಎರಡರಷ್ಟು ದಪ್ಪ, ಕಿವಿಗೆ ಹಳದಿ ಬಿಲ್ಲೆ ಹಾಕಿದ್ದರು. ಬೇಲಿ ಹತ್ತಿರ ನಿಂತು ಬಾ ಬಾ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಹುಲ್ಲನ್ನು ಮೆದೆ ಒಟ್ಟುವುದಿಲ್ಲ, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉರುಳೆ ಮಾಡಿ ಹೊಲದಲ್ಲೇ ಬಿಡುತ್ತಾರೆ. ಮನೆ ಗೋಡೆಗೆ ಸೌದೆಯನ್ನು ಒಂದು ತುಂಡೂ ಹೊರಗೆ ಚಾಚದ ಹಾಗೆ ಜೋಡಿಸಿರುತ್ತಾರೆ. ಸೇಬಿನ ಮರದ ಕೆಳಗೆ ಹಣ್ಣು ಬಿದ್ದು ಕೊಳೆಯುತ್ತಿರುತ್ತದೆ, ಕೇಳುವವರಿಲ್ಲ. ಅಷ್ಟು ದೊಡ್ಡ ಹೊಲಗಳಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಕಂಪನಿ ಬಸ್ಸಿಗೆ ನಿಂತ ಜನವನ್ನು ದಾಟಿ ಹಾಲು ತರುವುದೇ ಕಷ್ಟ.

ಎದುರು ಸಿಕ್ಕವರು ನಾಯಿ ಹಿಡಿದುಕೊಂಡಿರುತ್ತಿದ್ದರು, ನನ್ನನ್ನು ನೋಡಿ ಏನೋ ಒಂದು ಮಾತು ಹೇಳುತ್ತಿದ್ದರು. ನಾನು ಹ್ಞೂಂ ಕಣಪ್ಪ ಅನ್ನುತ್ತಿದ್ದೆ. ಅಷ್ಟಕ್ಕೆ ಅವರಿಗೂ ಸಮಾಧಾನ, ನನಗೂ ಸಮಾಧಾನ.

ಒಂದು ಕೊರತೆ ಇತ್ತು. ಅಲ್ಲಿ ಯಾರೂ ಬಾಗಿಲಿಗೆ ನೀರು ಹಾಕುವುದಿಲ್ಲ. ನಾನು ನಡೆಯುವಾಗ ಪ್ರತಿ ಮನೆ ಬಾಗಿಲನ್ನೂ ನೋಡುತ್ತಿದ್ದೆ. ನೀರಿಲ್ಲ, ರಂಗೋಲಿ ಇಲ್ಲ, ಒಂದು ಕಾಲೊರೆಸು ಹಾಸಿ ಬಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಬಾಗಿಲಿಗೆ ನೀರು ಹಾಕದೆ ಇದ್ದ ದಿನವೆಂದರೆ ಸಾವಿನ ದಿನ. ತುಂಬಿದ ಬಸುರಿ ಇರುವ ಮನೆಯ ಬಾಗಿಲು ಹಾಗೆ ಒಣಗಿಕೊಂಡಿರುವುದು ನನಗೆ ಸರಿ ಕಾಣುತ್ತಿರಲಿಲ್ಲ. ಶೋಭಾಗೆ ಹೇಳಿದರೆ, ಇಲ್ಲಿ ಅದೆಲ್ಲ ಬೇಡಮ್ಮ, ಓನರ್ ಏನಂದ್ಕೋತಾರೋ ಅಂದಳು. ನಾನೂ ಓನರೇ. ಓನರು ಏನಂದುಕೊಳ್ಳುತ್ತಾರೆ ಅನ್ನುವುದು ನನಗೆ ಗೊತ್ತು. ಬಾಯಿ ಮುಚ್ಚಿಕೊಂಡೆ.

ಎದುರು ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಎತ್ತರದ ಆಳು, ಬೆನ್ನು ಬಾಗಿಲ್ಲ, ಸೌದೆ ತಾನೇ ಸೀಳುತ್ತಿದ್ದಳು. ಚಳಿ ಜೋರಾದ ಮೇಲೆ ಅವಳು ಒಂದು ಹೊಸ ಕೆಲಸ ಹಿಡಿದಳು. ಬೆಳಿಗ್ಗೆ ಎದ್ದು ತಗಡಿನ ಬಕೆಟ್ಟು ಹಿಡಿದು ಬಂದು, ಬಾಗಿಲಿಂದ ಗೇಟಿನ ತನಕ ಸಣ್ಣ ಸಲಿಕೆಯಲ್ಲಿ ಏನೋ ಪುಡಿ ಉದುರಿಸುತ್ತಾಳೆ. ನಾನು ನಮ್ಮ ಅಡಿಗೆಮನೆ ಕಿಟಕಿಯಿಂದ ನೋಡಿದೆ. ಮಂಜಿನಲ್ಲಿ ಪುಡಿ ಬಿಳಿಚಿಕೊಂಡು ಕಾಣುತ್ತಿತ್ತು. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ನನಗೆ ಸಂತೋಷವಾಯಿತು. ಇವಳಿಗೂ ರಂಗೋಲಿ ಪದ್ಧತಿ ಇದೆಯಲ್ಲ ಅಂದುಕೊಂಡೆ. ವಯಸ್ಸಾಗಿದೆ, ಬೆರಳಿಗೆ ವಾತ ಬಂದಿರಬೇಕು, ಎಳೆ ಬಿಡಲಾಗದೆ ಸುಮ್ಮನೆ ಉದುರಿಸಿ ಶಾಸ್ತ್ರ ಮುಗಿಸುತ್ತಾಳೆ ಅಂತಲೂ ಲೆಕ್ಕ ಹಾಕಿದೆ.

ಅವಳು ಹಾಕಬಹುದಾದರೆ ನಾನು ಯಾಕೆ ಹಾಕಬಾರದು?

ಅದು ಶೋಭಾಳನ್ನು ಆಸ್ಪತ್ರೆಗೆ ತೋರಿಸುವ ದಿನ. ಒಳ್ಳೆಯ ದಿನ ಅಂತ ನಾನು ಬೇಗ ಎದ್ದೆ. ಹೊರಗಿನ ಕಲ್ಲಿನ ಮೆಟ್ಟಿಲು ಗುಡಿಸಿ, ನಲ್ಲಿಯ ನೀರು ಹಿಡಿದು ಮೆಟ್ಟಿಲಿಗೂ ಮುಂದಿನ ಕಲ್ಲಿಗೂ ಹಾಕಿದೆ. ಅಕ್ಕಿ ಹಿಟ್ಟಿನಲ್ಲಿ ಒಂದು ಸಣ್ಣ ರಂಗೋಲಿ ಬಿಟ್ಟೆ. ಕೈ ಮರಗಟ್ಟಿ ಎಳೆ ಸೊಟ್ಟಗೆ ಬಂತು. ಆದರೂ ಎಷ್ಟೋ ದಿನದ ಮೇಲೆ ಮನೆ ಮನೆಯಂತೆ ಕಂಡಿತು. ಒಳಗೆ ಹೋಗಿ ಕಾಫಿಗೆ ಇಟ್ಟೆ.

ಕಿಟಕಿಯಲ್ಲಿ ನೋಡುತ್ತೇನೆ, ಆ ಅಜ್ಜಿ ಬಕೆಟ್ಟು ಹಿಡಿದು ರಸ್ತೆ ದಾಟಿ ನಮ್ಮ ಮನೆಗೇ ಬರುತ್ತಿದ್ದಾಳೆ. ರಂಗೋಲಿ ನೋಡಲು ಬಂದಳು ಅಂದುಕೊಂಡೆ. ಅವಳು ಬಂದವಳೇ ಸಲಿಕೆ ತುಂಬ ತೆಗೆದು ನನ್ನ ರಂಗೋಲಿ ಮೇಲೆ ಎರಚಿದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ ಎರಚಿದಳು.

ಅಡಿಗೆಮನೆಗೆ ಪಕ್ಕದಲ್ಲೊಂದು ಬಾಗಿಲಿತ್ತು. ಅದರಿಂದ ಓಡಿಬಂದೆ. ಹತ್ತಿರ ಬಂದು ನೋಡಿದರೆ ಅದು ಪುಡಿಯಲ್ಲ, ಬೂದಿ. ಒಲೆಯ ಬೂದಿ. ನಮ್ಮ ಕಡೆ ಯಾರ ಮನೆ ಹಾಳಾಗಲಿ ಅಂತ ಬಯಸುತ್ತಾರೋ ಅವರ ಬಾಗಿಲಿಗೆ ಬೂದಿ ಎರಚುತ್ತಾರೆ. ಎರಡು ಕೂಸು ಕಳೆದುಕೊಂಡವಳು ಒಳಗೆ ಮಲಗಿದ್ದಾಳೆ.

"ಯಾಕಮ್ಮ, ನಿಂಗೇನ್ ಕೇಡು ಮಾಡಿದ್ದೆ ನಾನು? ಬಸುರಿ ಇರೋ ಮನೆ ಬಾಗ್ಲಿಗೆ ಬೂದಿ ಉಯ್ತೀಯಲ್ಲ, ನಿನ್ ಕೈ ಸೇದೋಗ" ಅಂದೆ. ಕನ್ನಡದಲ್ಲೇ ಅಂದೆ, ಇನ್ಯಾವುದರಲ್ಲಿ ಅನ್ನಲಿ?

ಅವಳೂ ಅವಳ ಭಾಷೆಯಲ್ಲಿ ಜೋರಾಗಿ ಏನೋ ಹೇಳಿದಳು. ನೆಲ ತೋರಿಸಿದಳು, ಬಾಗಿಲು ತೋರಿಸಿದಳು. ಆಮೇಲೆ ಒಂದು ಅಂಗೈಯನ್ನು ಇನ್ನೊಂದು ಅಂಗೈ ಮೇಲೆ ಸರ್ರನೆ ಜಾರಿಸಿ ತೋರಿಸಿದಳು. ತೊಲಗಿ ಹೋಗಿ ಅನ್ನುತ್ತಿದ್ದಾಳೆ ಅಂತ ನನಗೆ ಅರ್ಥವಾಯಿತು. "ಓಗಲ್ಲ ಓಗೇ, ಬಾಡಿಗೆ ಕೊಟ್ಟವ್ರೆ ನನ್ ಅಳಿಯ" ಅಂದೆ. ಅವಳು ತಲೆ ಅಲ್ಲಾಡಿಸಿ, ಖಾಲಿ ಬಕೆಟ್ಟು ಎತ್ತಿಕೊಂಡು ತನ್ನ ಮನೆಗೆ ನಡೆದಳು. ಗೆದ್ದೆ ಅಂದುಕೊಂಡೆ.

ಆ ಬೂದಿಯನ್ನು ಮಗಳು ತುಳಿಯಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಪೊರಕೆ ತಂದು ಪಕ್ಕದಲ್ಲಿ ನಿಂತು ಪೂರ್ತಿ ಗುಡಿಸಿದೆ. ಕಲೆ ಹೋಗಲಿ ಅಂತ ಇನ್ನೊಂದು ಕೊಡದಷ್ಟು ನೀರು ಸುರಿದೆ. ಕಲ್ಲು ಕನ್ನಡಿಯ ಹಾಗೆ ಹೊಳೆಯಿತು. ಒಳಗೆ ಹೋಗಿ ಶೋಭಾಗೆ ಹಾಲು ಕೊಟ್ಟೆ, ತಲೆ ಬಾಚಿದೆ. ನಡೆದದ್ದನ್ನು ಹೇಳಲಿಲ್ಲ, ಹೊರಡುವ ಹೊತ್ತಿನಲ್ಲಿ ಅವಳ ಮನಸ್ಸು ಯಾಕೆ ಕೆಡಿಸಬೇಕು ಅಂತ. ಅಳಿಯ ಕೋಣೆಯಿಂದ ಬಂದವರು ಪಕ್ಕದ ಬಾಗಿಲಿಂದ ಹೋಗಿ, ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದರು.

ಶುಭ ಕೆಲಸಕ್ಕೆ ಹೋಗುವಾಗ ಮುಂಬಾಗಿಲಿಂದ ಹೋಗು ಅಂತ ನಾನೇ ಶೋಭಾಗೆ ಹೇಳಿದೆ.

ಅವಳು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಳು. ಕಾಲು ಮುಂದಕ್ಕೆ ಹೋಯಿತು, ಮೈ ಹಿಂದೆ ಉಳಿಯಿತು. ನಾನು ಅವಳ ಬೆನ್ನ ಹಿಂದೆಯೇ ಇದ್ದೆ, ಕೈಗೆ ಸಿಕ್ಕಿದ್ದು ಅವಳ ಶಾಲು ಮಾತ್ರ. ಅಷ್ಟರಲ್ಲಿ ಆ ಅಜ್ಜಿ ಇನ್ನೊಂದು ಬಕೆಟ್ಟು ಬೂದಿ ತುಂಬಿಕೊಂಡು ಮೆಟ್ಟಿಲ ಕೆಳಗೆ ಬಂದಿದ್ದಳು. ಬಕೆಟ್ಟು ಬಿಸಾಕಿ ಎರಡೂ ಕೈ ಚಾಚಿದಳು. ಶೋಭಾ ಮೆಟ್ಟಿಲು ಜಾರಿ ಹೋಗಿ ಅವಳ ಮೈ ಮೇಲೆ ಬಿದ್ದಳು. ಅಜ್ಜಿ ಕೆಳಗೆ, ಶೋಭಾ ಅವಳ ಮಡಿಲಿನಲ್ಲಿ. ಅಜ್ಜಿಯ ಬಲಗೈ ಕಲ್ಲಿಗೂ ತನ್ನ ಮೈಗೂ ನಡುವೆ ಸಿಕ್ಕಿಕೊಂಡಿತ್ತು. ಅವಳು ಕಿರುಚಲಿಲ್ಲ. ಎಡಗೈಯನ್ನು ಶೋಭಾಳ ಹೊಟ್ಟೆ ಮೇಲೆ ಇಟ್ಟುಕೊಂಡೇ ಕೂತಿದ್ದಳು.

ಅಳಿಯ ಓಡಿಬಂದರು. ಮೆಟ್ಟಿಲು ನೋಡಿದರು, ನನ್ನ ಕೈಯನ್ನು ನೋಡಿದರು.

"ಅತ್ತೆ, ಇಲ್ಲಿ ನೀರು ಹಾಕಿದ್ರಾ?"

"ಊಂ. ಬಾಗ್ಲಿಗೆ ಆಕ್ದೆ."

"ಈ ಚಳೀಲಿ ನೀರು ಹಾಕಿದ್ರೆ ಐಸ್ ಗಡ್ಡೆ ಕಟ್ಟುತ್ತೆ ಅತ್ತೆ. ಕಾಲು ನಿಲ್ಲಲ್ಲ. ಅದಕ್ಕೇ ಎಲ್ರೂ ಬೂದಿ ಹಾಕೋದು."

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಬ್ಬರನ್ನೂ ಒಂದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶೋಭಾ ದಾರಿಯುದ್ದಕ್ಕೂ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಒಂದು ಮಾತೂ ಆಡಲಿಲ್ಲ. ಹಿಂದಿನ ಎರಡು ಸಲವೂ ಅವಳು ಹೀಗೇ ಮಾತು ನಿಲ್ಲಿಸಿದ್ದಳು. ನಾನು ದೇವರನ್ನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಕಾರಿನ ಹೊರಗೆ ಅದೇ ಹಸು, ಅದೇ ಹುಲ್ಲಿನ ಉರುಳೆ. ದಿನಾ ನೋಡಿದವು. ಪ್ರತಿ ಮನೆಯ ಮುಂದೆಯೂ ಬೂದಿಯೋ ಸಣ್ಣ ಜಲ್ಲಿಯೋ ಬಿದ್ದಿತ್ತು. ಚಳಿ ಜೋರಾದ ಮೇಲೆ ಅದೂ ನನ್ನ ಕಣ್ಣಿಗೆ ಬಿದ್ದದ್ದೇ, ಕಸ ಅಂದುಕೊಂಡಿದ್ದೆ. ಯಾಕೆ ಅಂತ ಒಂದು ಸಲ ಅಳಿಯನನ್ನು ಕೇಳಿದ್ದರೆ ಮುಗಿಯುತ್ತಿತ್ತು.

ಶೋಭಾಳನ್ನು ಮಲಗಿಸಿ ಹೊಟ್ಟೆಗೆ ಪಟ್ಟಿ ಕಟ್ಟಿದರು. ಸ್ವಲ್ಪ ಹೊತ್ತಿಗೆ ಮಿಷನ್ನಿನಿಂದ ಸದ್ದು ಬಂತು. ಓಡುವ ಕರುವಿನ ಕಾಲಿನ ಸದ್ದಿನಂತೆ, ಬೇಗ ಬೇಗ, ಬಿಡದೆ ಬಂತು. ಶೋಭಾ ಆಗ ಅತ್ತಳು. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತೆ.

ಅಜ್ಜಿಯ ಮಣಿಕಟ್ಟು ಮುರಿದಿತ್ತು. ಕೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತಳು. ಅಳಿಯ ನನ್ನ ಪರವಾಗಿ ಅವಳಿಗೆ ಎಲ್ಲ ಬಿಡಿಸಿ ಹೇಳಿದರು. ಅವಳು ಕೇಳಿಸಿಕೊಂಡು ಏನೋ ಅಂದಳು.

"ಏನಂತೆ?" ಅಂದೆ.

ಅಳಿಯ ಹಿಂಜರಿದರು. ಆಮೇಲೆ ಹೇಳಿದರು, "ಮಗಳು ಓಡಾಡೋ ಜಾಗಕ್ಕೆ ಎರಡೆರಡು ಸಲ ನೀರು ಸುರಿದ್ರಲ್ಲ, ನಿಮಗೆ ಅವಳ ಮೇಲೆ ಅಷ್ಟೇನು ದ್ವೇಷ ಅಂತ ಅವರು ಅಂದ್ಕೊಂಡಿದ್ರಂತೆ."

ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ಬೈಸಿಕೊಂಡು, ಗುಡಿಸಿ ಎಸೆದದ್ದನ್ನು ಕಣ್ಣಾರೆ ನೋಡಿ, ಮತ್ತೆ ಬಕೆಟ್ಟು ತುಂಬಿಕೊಂಡು ಬಂದ ಹೆಂಗಸು ಅವಳು. ಅವಳ ಜಾಗದಲ್ಲಿ ನಾನಿದ್ದರೆ ಬರುತ್ತಿರಲಿಲ್ಲ. ಏನಾದರೂ ಮಾಡಿಕೊಂಡು ಸಾಯಲಿ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇದನ್ನು ಸುಳ್ಳು ಹೇಳಿ ಏನು ಪ್ರಯೋಜನ?

ಮಾರನೆಯ ದಿನದಿಂದ ನಾನು ಅವಳ ಮನೆಗೆ ಹೋಗಿ ಒಲೆಯ ಬೂದಿ ಎತ್ತಿ ಅವಳ ಬಾಗಿಲಿಂದ ಗೇಟಿನ ತನಕ ಹಾಕಿದೆ. ಅವಳು ಕಿಟಕಿಯಲ್ಲಿ ನಿಂತು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಅಂತ ಬೆರಳು ತೋರಿಸುತ್ತಿದ್ದಳು. ಅತ್ತೆ ಕಾಟ ತೀರಿ ಎಷ್ಟೋ ವರ್ಷವಾಗಿದ್ದ ನನಗೆ ಮತ್ತೆ ಅತ್ತೆ ಸಿಕ್ಕಿದ ಹಾಗಾಯಿತು. ಉಳಿದ ಬೂದಿಯನ್ನು ನಮ್ಮ ಮನೆಗೆ ತಂದೆ. ಮೊದಲನೆಯ ದಿನ ನಮ್ಮ ಮೆಟ್ಟಿಲ ಮುಂದೆ ನಿಂತರೆ ಕೈ ಏಳಲಿಲ್ಲ. ಬುದ್ಧಿಗೆ ಗೊತ್ತಾಗಿದೆ, ಕೈಗೆ ಗೊತ್ತಾಗಿಲ್ಲ. ಕಣ್ಣು ಮುಚ್ಚಿಕೊಂಡು ಎರಚಿದೆ. ಆಮೇಲಾಮೇಲೆ ಕೈಗೂ ರೂಢಿಯಾಯಿತು.

ಸಂಕ್ರಾಂತಿ ಆದ ಮೇಲೆ ಶೋಭಾಗೆ ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತಂದ ದಿನ ನಾನು ಬೆಳಿಗ್ಗೆಯೇ ದಪ್ಪಗೆ ಬೂದಿ ಹಾಕಿಟ್ಟಿದ್ದೆ. ಬಾಣಂತಿ ಅದನ್ನು ತುಳಿದುಕೊಂಡೇ ಮೆಟ್ಟಿಲು ಹತ್ತಿದಳು. ಅಜ್ಜಿ ಕೆಳಗೆ ನಿಂತು ಅವಳ ಕಾಲನ್ನೇ ನೋಡುತ್ತಿದ್ದಳು. ಅರಿಶಿನ ಸುಣ್ಣ ಕದಡಿದ ನೀರಿನಲ್ಲಿ ತಾಯಿಗೂ ಮಗುವಿಗೂ ಆರತಿ ಎತ್ತಿದೆ. ಆ ನೀರನ್ನು ಬಾಗಿಲ ಮುಂದೆ ಚೆಲ್ಲುವುದು ಪದ್ಧತಿ. ತಟ್ಟೆ ಎತ್ತಿದೆ. ಅಜ್ಜಿ ಗಾಬರಿಯಾಗಿ ಕಟ್ಟಿದ ಕೈಯನ್ನೇ ಅಡ್ಡ ಹಿಡಿದಳು. "ಇಲ್ಲ ಕಣವ್ವ, ಚೆಲ್ಲಲ್ಲ" ಅಂದೆ. ಹಿತ್ತಲಿಗೆ ಹೋಗಿ ಸೇಬಿನ ಮರದ ಬುಡಕ್ಕೆ ಸುರಿದು ಬಂದೆ.

ವಾಪಸು ಬಂದು ಒಂದು ವರ್ಷವಾಯಿತು. ಮೊನ್ನೆ ನಮ್ಮ ರೂಮಿಗೆ ರಾಯಚೂರಿನ ಕಡೆಯ ಹೊಸ ಸಂಸಾರ ಬಂತು, ಗಂಡ ಗಾರೆ ಕೆಲಸ. ಬೆಳಿಗ್ಗೆ ನೋಡುತ್ತೇನೆ, ಆ ಹುಡುಗಿ ಹೊಸ್ತಿಲ ಉದ್ದಕ್ಕೂ ಬೂದಿಯ ಗೆರೆ ಎಳೆದಿದ್ದಾಳೆ. ನನ್ನ ಮನೆಯ ಹೊಸ್ತಿಲಿಗೆ. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಯಾಕಮ್ಮ ಇದು ಅಂತ ಕೇಳಿದೆ.

"ಇರುವಿ ಬರ್ತಾವ್ರಿ ಅಮ್ಮಾ. ಕೂಸಿಗಿ ಕಡೀತಾವ" ಅಂದಳು.

ಹಾಕಿಕೋ ಅಂದೆ.

ನಾನು ಈಗಲೂ ದಿನಾ ನಮ್ಮ ಬಾಗಿಲಿಗೆ ನೀರು ಹಾಕುತ್ತೇನೆ. ಇದು ಹೆಬ್ಬಗೋಡಿ, ಇಲ್ಲಿ ಯಾವ ನೀರೂ ಗಡ್ಡೆ ಕಟ್ಟುವುದಿಲ್ಲ, ನನಗೂ ಗೊತ್ತು. ಆದರೆ ಹಾಕಿದ ಮೇಲೆ ಮೊದಲಿನ ಹಾಗೆ ತಕ್ಷಣ ಒಳಗೆ ಹೋಗಲು ಆಗುವುದಿಲ್ಲ. ಮನೆಯಿಂದ ಮೊದಲು ಹೊರಡುವವರು ಕಾಲಿಟ್ಟು, ದಾಟಿ, ರಸ್ತೆ ಸೇರುವ ತನಕ ಚೊಂಬು ಹಿಡಿದು ಅಲ್ಲೇ ನಿಂತಿರುತ್ತೇನೆ.